ಗಂಟು ಮೇಸ್ತ್ರಿಯ ಮಗಳು

ಜನವರಿ ೯

ಅಮ್ಮಾ,

ನಾನು ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ. ನೀನು ಕೇಳುವ ಮೊದಲೆರಡು ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ, ಇನ್ನು ವಿಷಯಕ್ಕೆ ಬರುತ್ತೇನೆ.

ಫೋನ್ ಬಿಟ್ಟು ಪತ್ರ ಯಾಕೆ ಅಂತ ಗಾಬರಿಯಾಗಬೇಡ. ಇದು ಅಪ್ಪನನ್ನು ಕೇಳಬೇಕಾದ ವಿಷಯ. ಅಪ್ಪನಿಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ನಿನ್ನ ಬಾಯಲ್ಲಿ ಹೇಳಿಸಿದರೆ ಇಲಿ ಹೋಯ್ತು ಅಂದದ್ದು ಹುಲಿ ಹೋಯ್ತು ಅಂತಾಗುತ್ತದೆ. ಸಿಟ್ಟಾಗಬೇಡ, ಇದು ನಿಜ.

ನಾನು ಮೇಲ್ವಿಚಾರಕಿಯಾಗಿ ಸೇರಿದ ಈ ಕಟ್ಟಡದಲ್ಲಿ ಹನ್ನೆರಡು ಮನೆ, ತಾರಸಿಯ ಮೇಲೆ ಒಂದು ದೊಡ್ಡ ಟ್ಯಾಂಕು. ಪ್ರತಿ ಮನೆಯ ಬಾಗಿಲ ಪಕ್ಕ, ಗೋಡೆಯ ಗೂಡಿನಲ್ಲಿ, ಆ ಮನೆಯ ನೀರು ನಿಲ್ಲಿಸುವ ಒಂದು ಪ್ಲಾಸ್ಟಿಕ್ ವಾಲ್ವು ಇದೆ. ಟ್ಯಾಂಕಿನ ಬುಡದಲ್ಲಿ ಇನ್ನೊಂದು ದೊಡ್ಡದು. ಒಟ್ಟು ಹದಿಮೂರು. ಹದಿಮೂರೂ ಬಿಗಿದು ಕಲ್ಲಾಗಿವೆ.

ಇದು ಗೊತ್ತಾದದ್ದು ನಾನು ಬರುವುದಕ್ಕೆ ಸ್ವಲ್ಪ ಮೊದಲು. ಎರಡನೇ ಮಹಡಿಯ ಮನೆಯೊಂದರಲ್ಲಿ ನಲ್ಲಿ ಮುರಿದು ನೀರು ಚಿಮ್ಮಿತಂತೆ. ಆಗ ಇದ್ದ ಮೇಲ್ವಿಚಾರಕ ಓಡಾಡಿ ಒಂದೊಂದೇ ವಾಲ್ವು ತಿರುಗಿಸಲು ನೋಡಿದ, ಒಂದೂ ಜಗ್ಗಲಿಲ್ಲ. ಟ್ಯಾಂಕು ಬರಿದಾಗುವವರೆಗೆ ನೀರು ಮೆಟ್ಟಿಲಿಳಿದು ಬೀದಿಗೆ ಹೋಯಿತು. ಮಾರನೇ ದಿನ ಆತನೂ ಅದೇ ದಾರಿಯಲ್ಲಿ ಹೋದ.

ಕಟ್ಟಡದ ಯಜಮಾನಿ ನರ್ಸ್ ಆಗಿ ನಿವೃತ್ತರಾದವರು. ನಡೆಯಲು ಕೋಲು ಬೇಕು, ಮಾತು ಮಾತ್ರ ನೆಟ್ಟಗೆ. ನನ್ನನ್ನು ಗೂಡಿನ ಮುಂದೆ ನಿಲ್ಲಿಸಿಕೊಂಡು ಹೇಳಿದರು: "ಏಪ್ರಿಲ್ ಒಂದಕ್ಕೆ ನಾನೇ ಬಂದು ಹದಿಮೂರನ್ನೂ ತಿರುಗಿಸಿ ನೋಡ್ತೀನಿ. ತಿರುಗಿದ್ರೆ ಕೆಲಸವೂ ನಿಂದೇ, ರೂಮೂ ನಿಂದೇ. ಇಲ್ಲಾಂದ್ರೆ ಪ್ಲಂಬರ್ ಕೈಲಿ ಗೋಡೆ ಒಡೆಸಿ ಎಲ್ಲಾ ಹೊಸದು ಹಾಕಿಸ್ತೀನಿ, ಈ ಕೆಲಸಕ್ಕೂ ಅವನ ಕಡೆಯವರೇ ಬರ್ತಾರೆ." ಆ ಪ್ಲಂಬರ್ ಪಕ್ಕದಲ್ಲೇ ನಿಂತಿದ್ದ. ಒಂದೂ ಉಳಿಯೋದಿಲ್ಲ, ಎಲ್ಲಾ ಕತ್ತರಿಸಬೇಕು ಎಂದು ಲೊಚಗುಟ್ಟಿದ.

ಅಮ್ಮಾ, ಹೊಲಿಗೆ ಕಾರ್ಖಾನೆ ಮುಚ್ಚಿದ ಮೇಲೆ ಸಿಕ್ಕ ಕೆಲಸ ಇದೊಂದೇ. ಬಾಗಿಲು ಹಾಕಿಕೊಂಡರೆ ನನ್ನದೇ ಅನ್ನಿಸುವ ರೂಮೂ ಇದೇ ಮೊದಲನೆಯದು. ಆದರೆ ಗೂಡಿನ ಮುಂದೆ ಹೋಗಿ ಕೈ ಚಾಚುತ್ತೇನೆ, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹದಿನಾರು ವರ್ಷದಿಂದ ನಾನು ವಾಲ್ವು ಮುಟ್ಟಿಲ್ಲ. ನಮ್ಮ ಮನೆಯ ವಾಲ್ವು ನನ್ನ ಕೈಯಲ್ಲಿ ಮುರಿದದ್ದು, ಕೆಳಮನೆಯವರ ಹಾಸಿಗೆಯವರೆಗೆ ನೀರು ಹರಿದದ್ದು, ಅಷ್ಟು ಜನರ ಮುಂದೆ ಅಪ್ಪ "ನಿನ್ನ ಕೈಗೆ ಬುದ್ಧಿ ಇಲ್ಲ, ಇನ್ನು ಪಾನಾ ಮುಟ್ಟಬೇಡ" ಅಂದದ್ದು ಎಲ್ಲ ನಿನಗೆ ಗೊತ್ತೇ ಇದೆ. ಹಿಂದಿನ ದಿನದವರೆಗೆ ನಾನು ನಟ್ಟು ಬಿಗಿಯುವ ಆ ಪಾನಾ ಹಿಡಿದು ಅಪ್ಪನ ಜೊತೆ ಕೆಲಸ ಕಲಿಯುತ್ತಿದ್ದವಳು. ಮಾರನೇ ದಿನದಿಂದ ಹೊಲಿಗೆ ಮಿಷನ್ನಿನ ಮುಂದೆ ಕೂತೆ. ಆಮೇಲೆ ಅಪ್ಪನಿಗೂ ನನಗೂ ಬಸ್ಸು ಎಷ್ಟು ಹೊತ್ತಿಗೆ ಅನ್ನುವುದು ಬಿಟ್ಟು ಬೇರೆ ಮಾತಿಲ್ಲ.

ಬಿಗಿದ ಪ್ಲಾಸ್ಟಿಕ್ ವಾಲ್ವನ್ನು ಮುರಿಯದೆ ಬಿಡಿಸುವುದು ಹೇಗೆ ಎಂದು ಅಪ್ಪನನ್ನು ಕೇಳು. ನಾನು ಕೇಳಿದೆ ಅಂತ ಹೇಳಬೇಡ. ನನ್ನ ಗೆಳತಿಯೊಬ್ಬಳಿಗೆ ಬೇಕಂತೆ ಅಂತ ಹೇಳು.

ನಿನ್ನ ಮಗಳು


ಜನವರಿ ೧೭

ಮಗಳ ಗೆಳತಿಗೆ,

ನಿಮ್ಮ ಪರಿಚಯ ನನಗಿಲ್ಲ. ನಿಮಗೆ ವಾಲ್ವಿನ ತೊಂದರೆ ಇದೆಯೆಂದು ಮನೆಯವಳು ಹೇಳಿದಳು. ನಲವತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ, ಈಗ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತು ಬಂದವರಿಗೆ ಬುದ್ಧಿ ಹೇಳುತ್ತೇನೆ. ನಿಮಗೂ ಹೇಳುತ್ತೇನೆ.

ಕತ್ತರಿಸಬೇಕು ಅನ್ನುವವರ ಮಾತು ಕೇಳಬೇಡಿ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತರುವವರು ಎಲ್ಲ ಕಡೆಯೂ ಇರುತ್ತಾರೆ. ವಾಲ್ವಿನ ಹೊಟ್ಟೆಯಲ್ಲಿ ತೂತಿರುವ ಒಂದು ಗುಂಡು ಇದೆ, ಹಿಡಿಕೆ ತಿರುಗಿಸಿದರೆ ಗುಂಡು ತಿರುಗುತ್ತದೆ, ಅಷ್ಟೇ. ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಗಡಸು ನೀರಿನ ಉಪ್ಪು ಗುಂಡಿನ ಸುತ್ತ ಕೂತು ಗಟ್ಟಿಯಾಗುತ್ತದೆ. ಹೆಚ್ಚಿನವು ಬಿಗಿಯುವುದು ಅದರಿಂದ.

ಟ್ಯಾಂಕು ತಳ ಕಂಡು, ಪಂಪು ಹಾಕುವುದಕ್ಕೆ ಮುಂಚೆ ಕೆಲಸಕ್ಕೆ ಕೂರಿ. ಆ ಮನೆಯ ನಲ್ಲಿಗಳನ್ನೆಲ್ಲ ತೆರೆದಿಡಿ, ಒಳಗೆ ಒತ್ತಡ ಉಳಿಯಬಾರದು. ಕೈ ತಡೆಯುವಷ್ಟು ಬಿಸಿ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ವಾಲ್ವಿಗೆ ಸುತ್ತಿ. ತಣ್ಣಗಾದರೆ ಮತ್ತೆ ಅದ್ದಿ. ಬೆಂಕಿ ಹತ್ತಿರ ತರಬೇಡಿ, ಪ್ಲಾಸ್ಟಿಕ್ಕು ಸೊಟ್ಟಗಾದರೆ ಕಥೆ ಮುಗಿಯಿತು. ಆಮೇಲೆ ಎಡಗೈಯಲ್ಲಿ ವಾಲ್ವಿನ ಹೊಟ್ಟೆಯನ್ನು ಗಟ್ಟಿಯಾಗಿ ಹಿಡಿಯಿರಿ. ಈ ಎಡಗೈ ಮುಖ್ಯ. ಅದಿಲ್ಲದಿದ್ದರೆ ನಿಮ್ಮ ಬಲವೆಲ್ಲ ಪೈಪಿನ ಕುತ್ತಿಗೆಗೆ ಹೋಗುತ್ತದೆ. ಬಲಗೈಯಲ್ಲಿ ಹಿಡಿಕೆಯನ್ನು ಒಂದೇ ಕಡೆಗೆ ಎಳೆಯಬೇಡಿ. ಆ ಕಡೆ ಒಂಚೂರು, ಈ ಕಡೆ ಒಂಚೂರು, ತೊಟ್ಟಿಲು ತೂಗಿದ ಹಾಗೆ. ಇರುವೆಯ ತಲೆಯಷ್ಟು ಅಲುಗಿದರೂ ಅದು ಗೆದ್ದ ಲೆಕ್ಕ. ಅಂದಿಗೆ ಅಷ್ಟು ಸಾಕು, ಮಾರನೇ ದಿನ ಮತ್ತೆ ಕೂರಿ.

ಅಡುಗೆ ಎಣ್ಣೆ, ಗಾಡಿಯ ಗ್ರೀಸು ಎರಡೂ ಬೇಡ, ಒಳಗಿನ ರಬ್ಬರ್ ಬಳೆಗಳು ಊದಿಕೊಳ್ಳುತ್ತವೆ. ಅಂಗಡಿಯಲ್ಲಿ ಸಿಲಿಕೋನ್ ಗ್ರೀಸು ಎಂದು ಕೇಳಿ. ಟ್ಯಾಂಕಿನ ಬುಡದ ದೊಡ್ಡದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಕೈ ಪಳಗಲಿ.

ಇಂತಿ,
ಗಂಟು ಮೇಸ್ತ್ರಿ
(ಜನ ನನ್ನನ್ನು ಕರೆಯುವುದು ಹಾಗೆ. ಜೋಡಿಸಿದ ಪ್ರತಿ ವಾಲ್ವಿಗೂ ಬಟ್ಟೆಯ ಪಟ್ಟಿ ಸುತ್ತಿ ಗಂಟು ಹಾಕಿ, ಯಾರೂ ಮುಟ್ಟಬೇಡಿ ಎಂದು ಹೇಳಿ ಬರುತ್ತಿದ್ದೆ.)

ಮಗಳೇ, ನನ್ನ ಬಿರುಗಾಳಿ, ಕೆಳಗಿನ ಜಾಗದಲ್ಲಿ ಅಮ್ಮ ಬರೆಯುತ್ತಿದ್ದೇನೆ. ನಾನು ಗೆಳತಿ ಅಂತಲೇ ಹೇಳಿದ್ದು, ಆಣೆ ಮಾಡುತ್ತೇನೆ. ಆದರೆ ನಿನ್ನ ಕಾಗದವನ್ನು ಮೇಜಿನ ಮೇಲೆ ಬಿಟ್ಟು ಒಲೆ ನೋಡಲು ಹೋಗಿದ್ದೆ. ವಾಪಸ್ಸು ಬಂದರೆ ಅದು ಮಡಚಿದ ರೀತಿ ಬೇರೆ ಆಗಿತ್ತು. ಆಮೇಲೆ ನಿಮ್ಮಪ್ಪ ತಾವೇ ಪೆನ್ನು ಹುಡುಕಿದರು. ನಾನು ಏನೂ ಕೇಳಲಿಲ್ಲ, ನೀನೂ ಕೇಳಬೇಡ.


ಜನವರಿ ೨೯

ಮೇಸ್ತ್ರಿಯವರಿಗೆ,

ನಿಮ್ಮ ಪತ್ರ ತಲುಪಿತು. ಗೂಡಿನ ಬಾಗಿಲಿಗೆ ಅದನ್ನೇ ಅಂಟಿಸಿಕೊಂಡು ಕೆಲಸಕ್ಕೆ ಕೂತೆ.

ಮೊದಲು ಮೂರನೇ ಮಹಡಿಯ ಟೀಚರ್ ಮನೆಯದು. ಅವರು ಒಳಗೆ ಉತ್ತರಪತ್ರಿಕೆ ತಿದ್ದುತ್ತಾ ಬಾಗಿಲು ತೆರೆದಿಟ್ಟಿದ್ದರು. ಬಟ್ಟೆ ಅದ್ದುವುದು, ಸುತ್ತುವುದು, ತೂಗುವುದು. ಮುಕ್ಕಾಲು ಗಂಟೆಯಾದ ಮೇಲೆ ತಲೆಯೆತ್ತದೆ ಕೇಳಿದರು, ಏನಾದರೂ ಅಲುಗಿತಾ ಎಂದು. ಇಲ್ಲ ಅಂದೆ. ನನ್ನ ಕ್ಲಾಸಿನ ಕೊನೇ ಬೆಂಚೂ ಹೀಗೇ, ಬಿಡಬೇಡಿ ಅಂದರು. ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನವೂ ಆಗಲಿಲ್ಲ. ಮೂರನೇ ದಿನ ಎಡಗೈಗೆ ಮೊದಲು ಗೊತ್ತಾಯಿತು. ವಾಲ್ವಿನ ಹೊಟ್ಟೆಯೊಳಗೆ ಮರಳು ಕದಲಿದ ಹಾಗೆ ಒಂದು ಸಣ್ಣ ಸದ್ದು. ಇರುವೆಯ ತಲೆಯಷ್ಟೇ. ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಟೀಚರ್ ಕೆಂಪು ಪೆನ್ನು ಹಿಡಿದುಕೊಂಡೇ ಓಡಿಬಂದರು. ಆ ಸಂಜೆ ಅದು ಪೂರ್ತಿ ಮುಚ್ಚಿ ಪೂರ್ತಿ ತೆರೆಯಿತು.

ಎರಡನೆಯದು ಅರ್ಧ ಗಂಟೆಯಲ್ಲಿ ಬಂತು. ಮೂರನೆಯದರಲ್ಲಿ ಹಿಡಿಕೆ ಮುರಿದು ಅಂಗೈಯಲ್ಲಿ ಉಳಿಯಿತು.

ನೀರು ಬರಲಿಲ್ಲ, ಬೇರೇನೂ ಆಗಲಿಲ್ಲ. ಆದರೆ ನಾನು ಮೆಟ್ಟಿಲ ಮೇಲೆ ಕೂತವಳು ತುಂಬ ಹೊತ್ತು ಏಳಲಿಲ್ಲ. ಎರಡು ದಿನದಿಂದ ಆ ಮನೆಯ ಕಡೆ ಹೋಗಿಲ್ಲ. ನನ್ನ ಗೆಳತಿಗೆ, ಅಂದರೆ ನಿಮ್ಮ ಮಗಳಿಗೆ, ವಿಷಯ ಹೇಳಿದೆ. ಅವಳು ಅಂದಳು, "ನನ್ನ ಕೈಗೆ ಬುದ್ಧಿ ಇಲ್ಲ ಅಂತ ಯಾವತ್ತೋ ತೀರ್ಮಾನ ಆಗಿದೆ. ನಿನಗೂ ನನ್ನ ಗಾಳಿ ತಗುಲಿರಬೇಕು."

ಏನು ಮಾಡಲಿ, ಹೇಳಿ.

ನಿಮ್ಮ ಮಗಳ ಗೆಳತಿ


ಫೆಬ್ರವರಿ ೭

ಗೆಳತಿಗೆ,

ಹಿಡಿಕೆ ಮುರಿದರೆ ವಾಲ್ವು ಮುರಿದಂತಲ್ಲ. ಹಿಡಿಕೆ ಬರೀ ಟೋಪಿ. ಟೋಪಿ ಬಿದ್ದರೆ ತಲೆ ಬಿತ್ತು ಅಂತ ಅಳುತ್ತಾರೆಯೇ? ಅದರ ಕೆಳಗೆ ಮೂಳೆಯಂಥ ಒಂದು ಕಡ್ಡಿ ಮೇಲೆ ಬಂದಿರುತ್ತದೆ, ಅದರ ಎರಡು ಬದಿ ಚಪ್ಪಟೆ ಇರುತ್ತದೆ. ಸರಿಯಾಗಿ ಕೂರುವ ಚಿಕ್ಕ ಪಾನಾ ತೆಗೆದುಕೊಂಡು ಆ ಚಪ್ಪಟೆಗೆ ಹಾಕಿ, ಎರಡೇ ಬೆರಳಲ್ಲಿ ತೂಗಿ. ಮುಷ್ಟಿಯಲ್ಲಿ ಹಿಡಿಯಬೇಡಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹೊಸ ಹಿಡಿಕೆ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ. ಮುರಿದದ್ದನ್ನು ಅಳತೆಗೆ ಒಯ್ಯಿರಿ.

ಇನ್ನೊಂದು ಮಾತು. ಬಿಡಿಸಿದ್ದನ್ನು ಹಾಗೇ ಬಿಡಬೇಡಿ. ತಿಂಗಳಿಗೊಮ್ಮೆಯಾದರೂ ಮುಚ್ಚಿ ತೆರೆಯಿರಿ. ಉಪ್ಪು ಕೂರುವುದು ಅಲುಗದ ವಾಲ್ವಿನ ಮೇಲೆ. ಅರ್ಧ ತೆರೆದೂ ಇಡಬೇಡಿ. ಪೂರ್ತಿ ತೆರೆಯಿರಿ ಅಥವಾ ಪೂರ್ತಿ ಮುಚ್ಚಿ.

ಮೂರು ದಿನ ಕೂತು ಇರುವೆಯ ತಲೆಯಷ್ಟು ಅಲುಗಿಸಿದವರ ಕೈಗೆ ಬುದ್ಧಿ ಇಲ್ಲ ಅಂದವರು ಯಾರೋ ನನಗೆ ಗೊತ್ತಿಲ್ಲ.

ಇಂತಿ,
ಗಂಟು ಮೇಸ್ತ್ರಿ

ಗೊತ್ತಿಲ್ಲವಂತೆ! ಕೊನೇ ಸಾಲು ಬರೆಯಲು ನಿಮ್ಮಪ್ಪ ಒಂದು ಮಧ್ಯಾಹ್ನ ತೆಗೆದುಕೊಂಡರು. ನಿನ್ನ ಪತ್ರ ಓದಿದ ದಿನ ಅಟ್ಟದಿಂದ ಹಳೇ ಕಬ್ಬಿಣದ ಪೆಟ್ಟಿಗೆ ಇಳಿಸಿ, ತೆರೆದು ನೋಡಿ, ಮತ್ತೆ ಮೇಲೆ ಇಟ್ಟರು. ಏನು ಅಂದರೆ ಏನಿಲ್ಲ ಅಂದರು. — ಅಮ್ಮ


ಫೆಬ್ರವರಿ ೨೩

ಮೇಸ್ತ್ರಿಯವರಿಗೆ,

ಹನ್ನೆರಡಕ್ಕೆ ಹನ್ನೆರಡೂ ತಿರುಗುತ್ತವೆ!

ಮುರಿದ ಹಿಡಿಕೆಯದನ್ನು ಪಾನಾದಿಂದ ಬಿಡಿಸಿದೆ. ಹದಿನಾರು ವರ್ಷವಾದ ಮೇಲೆ ನಿಮ್ಮ ಮಗಳ ಗೆಳತಿ ಪಾನಾ ಹಿಡಿದಳು ಎಂದು ಬರೆದರೆ ನಿಮಗೆ ಅರ್ಥವಾಗುತ್ತದೆ. ಒಂದನೇ ಮಹಡಿಯದೊಂದು ಬಹಳ ಸತಾಯಿಸಿತು, ಒಂಬತ್ತು ದಿನ. ಆ ಮನೆಯ ಅಜ್ಜ ದಿನಾ ಕುರ್ಚಿ ಹಾಕಿಕೊಂಡು ಕೂತು ಕ್ರಿಕೆಟ್ ಸ್ಕೋರು ಹೇಳುವವರಂತೆ ಮೆಟ್ಟಿಲಲ್ಲಿ ಹೋಗಿಬರುವವರಿಗೆಲ್ಲ ನನ್ನ ವರದಿ ಕೊಡುತ್ತಿದ್ದರು. ತಿರುಗಿದ ದಿನ ಇಡೀ ಕಟ್ಟಡಕ್ಕೆ ಗೊತ್ತಾಯಿತು. ಈಗ ನಾನು ಗುಡಿಸುವಾಗ ಜನ ಪಕ್ಕಕ್ಕೆ ಸರಿದು ಜಾಗ ಬಿಡುತ್ತಾರೆ, ಮೊದಲು ಹಾರಿಕೊಂಡು ಹೋಗುತ್ತಿದ್ದರು.

ಉಳಿದಿರುವುದು ಟ್ಯಾಂಕಿನ ಬುಡದ್ದು. ಅದರ ಎರಡೂ ಬದಿಗೆ ಬಿಚ್ಚುವ ದಪ್ಪ ಬಳೆಗಳಿವೆ. ನಾಲ್ಕು ದಿನ ಬಿಸಿಬಟ್ಟೆ ಹಾಕಿ ತೂಗಿದೆ, ಕೂದಲೆಳೆಯಷ್ಟೂ ಇಲ್ಲ. ಮೊನ್ನೆ ಪ್ಲಂಬರ್ ಮಾರುದ್ದದ ರೆಂಚು ತಂದು ಒಂದೇ ಏಟಿಗೆ ತಿರುಗಿಸುತ್ತೇನೆ ಎಂದ. ನಾನು ಅಡ್ಡ ನಿಂತೆ. ಏಪ್ರಿಲ್ ಒಂದರವರೆಗೆ ಇದು ನನ್ನ ಕೆಲಸ ಎಂದೆ. ಅವನು ರೆಂಚು ಹೆಗಲಿಗೇರಿಸಿಕೊಂಡು ಇಳಿದು ಹೋದ.

ಅದರ ಮೇಲೆ ಹಳೇ ಮೇಲ್ವಿಚಾರಕ ಬಣ್ಣದಲ್ಲಿ ಬರೆದಿದ್ದಾನೆ: ಮುಟ್ಟಬೇಡಿ. ಅದನ್ನು ನೋಡುತ್ತಾ ನನಗೊಂದು ಪ್ರಶ್ನೆ ಬಂತು. ಕೇಳದೆ ಇರಲಾರೆ. ಅಲುಗದ ವಾಲ್ವು ಬಿಗಿಯುತ್ತದೆ, ತಿಂಗಳಿಗೊಮ್ಮೆ ತಿರುಗಿಸಬೇಕು ಎಂದು ನೀವೇ ಬರೆದಿರಿ. ಹಾಗಾದರೆ ನಿಮ್ಮ ಮನೆಯ ವಾಲ್ವಿಗೆ ಅಷ್ಟು ವರ್ಷ ಯಾಕೆ ಗಂಟು ಹಾಕಿದ್ದಿರಿ? ನಿಮ್ಮ ಮಗಳು ಆವತ್ತು ಅಡುಗೆಮನೆಯ ನಲ್ಲಿಗೆ ತಾನೇ ವಾಷರ್ ಹಾಕಿ ನಿಮಗೆ ತೋರಿಸಬೇಕೆಂದು ಆ ಗಂಟು ಬಿಚ್ಚಿದಳಂತೆ. ಆ ವಾಲ್ವು ಮುರಿದದ್ದು ಅವಳ ಕೈಯಿಂದಲೋ, ನಿಮ್ಮ ಗಂಟಿನಿಂದಲೋ?

ನಿಮ್ಮ ಮಗಳ ಗೆಳತಿ


ಮಾರ್ಚ್ ೧೨

ಬಿರುಗಾಳಿ,

ನೀನು ಪತ್ರಕ್ಕೆ ಕಾಯುತ್ತಿದ್ದೀಯ ಅಂತ ಗೊತ್ತು. ಫೋನಿನಲ್ಲಿ ನೀನು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ನಿಮ್ಮಪ್ಪ ಹದಿನೈದು ದಿನದಿಂದ ಬರೆಯುವುದು, ಹರಿಯುವುದು ಮಾಡುತ್ತಿದ್ದಾರೆ. ಅಂಗಡಿಗೆ ಹೋದರೂ ಬಾಯಿ ಬಿಡುತ್ತಿಲ್ಲವಂತೆ. ಮೇಸ್ತ್ರಿಗೆ ಮೈ ಹುಷಾರಿಲ್ಲವಾ ಎಂದು ಅಂಗಡಿಯವನು ನನ್ನನ್ನು ಕೇಳಿದ.

ನಿನ್ನೆ ಸಂಜೆ ಪೆಟ್ಟಿಗೆಯಲ್ಲಿದ್ದ ವಸ್ತುವನ್ನು ನನ್ನ ಕೈಗಿಟ್ಟು, ಎಲ್ಲ ಹೇಳಿದರು. ನನಗೂ ಇದೇ ಮೊದಲ ಸಲ ಗೊತ್ತಾದದ್ದು. ಅವರಿಗೆ ಕೇಳಿಸುವ ಹಾಗೆ ಜೋರಾಗಿಯೇ ಅಂದೆ: "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಲ್ಲ! ನಾನು ಹೇಳಿ ಕಳಿಸಲ್ಲ, ನೀವೇ ಬರೀರಿ." ರಾತ್ರಿ ಊಟಕ್ಕೆ ಬಡಿಸಿ, ತಟ್ಟೆಯ ಪಕ್ಕ ಪೆನ್ನು ಕಾಗದ ಇಟ್ಟೆ. ಪಾರ್ಸೆಲ್ ಬರುತ್ತದೆ. ಅದು ಬರುವವರೆಗೆ ಆ ದೊಡ್ಡ ವಾಲ್ವು ಮುಟ್ಟಬೇಡವಂತೆ.

ಅಮ್ಮ


ಮಾರ್ಚ್ ೧೫

ಮಗಳಿಗೆ,

ಗೆಳತಿಗೆ ಬರೆದದ್ದು ಸಾಕು.

ಈ ಪಾರ್ಸೆಲಿನಲ್ಲಿರುವುದು ನಮ್ಮ ಮನೆಯ ಆ ಹಳೇ ವಾಲ್ವು. ಅದು ಮುರಿದ ಮಾರನೇ ಬೆಳಿಗ್ಗೆ ನಾನು ಅದನ್ನು ಗರಗಸದಿಂದ ಉದ್ದಕ್ಕೆ ಸೀಳಿ ನೋಡಿದೆ. ನೀನೂ ನೋಡು. ಗುಂಡಿನ ಒಂದು ಅಂಚಿನಲ್ಲಿ ಜೇನಿನ ಬಣ್ಣದ ಗಟ್ಟಿ ಗೆರೆ ಇದೆಯಲ್ಲ, ಅದು ಉಪ್ಪಲ್ಲ. ಪೈಪಿಗೂ ವಾಲ್ವಿಗೂ ಹಚ್ಚುವ ಅಂಟು, ಸೊಲ್ಯೂಷನ್ನು. ತೆಳ್ಳಗೆ ಹಚ್ಚಬೇಕು. ನಾನು ಅವಸರದಲ್ಲಿ ಧಾರಾಳವಾಗಿ ಮೆತ್ತಿದ್ದೆ. ಹೆಚ್ಚಾದದ್ದು ಒಳಗೆ ಹರಿದು ಗುಂಡನ್ನು ಗೋಡೆಗೆ ಬೆಸೆದುಬಿಟ್ಟಿತ್ತು. ಹೊಸದಾಗಿ ಕೈಗೆ ಪಾನಾ ತೆಗೆದುಕೊಂಡವನು ಮಾಡುವ ತಪ್ಪು. ಅಂಟು ಒಣಗಿದ ಮೇಲೆ ಒಂದೇ ಒಂದು ಸಲ ತಿರುಗಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ. ಗಂಟು ಮೇಸ್ತ್ರಿಯ ಕೆಲಸ ಪರೀಕ್ಷೆ ಮಾಡುವುದೇ? ಬಟ್ಟೆ ಸುತ್ತಿ ಗಂಟು ಹಾಕಿ ಎದ್ದೆ.

ಆ ವಾಲ್ವು ಹಾಕಿದ ದಿನದಿಂದಲೇ ಸತ್ತಿತ್ತು. ಯಾರು ತಿರುಗಿಸಿದ್ದರೂ ಮುರಿಯುತ್ತಿತ್ತು. ನಾನು ತಿರುಗಿಸಿದ್ದರೆ ನನ್ನ ಕೈಯಲ್ಲೇ ಮುರಿಯುತ್ತಿತ್ತು. ನೀನು ಕೇಳಿದ ಪ್ರಶ್ನೆಗೆ ಉತ್ತರ ಇದು.

ನೀನು ಇನ್ನೊಂದು ಪ್ರಶ್ನೆ ಕೇಳಿಲ್ಲ, ಅದಕ್ಕೂ ಹೇಳುತ್ತೇನೆ. ಮಾರನೇ ದಿನವೇ ಗೊತ್ತಾದದ್ದನ್ನು ಮಾರನೇ ದಿನವೇ ಯಾಕೆ ಹೇಳಲಿಲ್ಲ? ಹಿಂದಿನ ದಿನ ಕೆಳಮನೆಯವರು, ಅಂಗಡಿಯವರು, ಬೀದಿಯವರೆಲ್ಲ ನಿಂತಿದ್ದರು. ಎಲ್ಲರ ಮುಂದೆ ನಿನ್ನ ಕೈ ಸರಿಯಿಲ್ಲ ಅಂದಾಗಿತ್ತು. ಇನ್ನು ಅದೇ ಜನರ ಮುಂದೆ ನನ್ನ ಕೈ ಸರಿಯಿಲ್ಲ ಅನ್ನಬೇಕಿತ್ತು. ಕುಣಿಯಲಾರದವನು ನೆಲ ಡೊಂಕು ಅಂದ ಹಾಗೆ ಮಾಡಿದೆ. ನಾಳೆ ಹೇಳೋಣ ಅಂದುಕೊಂಡೆ. ನೀನು ಹೊಲಿಗೆಗೆ ಹೋದೆ. ಆಮೇಲೆ ಒಂದು ವರ್ಷವಾಯಿತು, ಹತ್ತಾಯಿತು. ನೀನು ಊರಿಗೆ ಬಂದಾಗಲೆಲ್ಲ ಪೆಟ್ಟಿಗೆ ಅಟ್ಟದಲ್ಲೇ ಇತ್ತು. ಹೊಸ ವಾಲ್ವು ಹಾಕಿ ಅದಕ್ಕೂ ಗಂಟು ಹಾಕಿದೆ. ನಿನ್ನ ಕೈಗೆ ಎಂಟು ವರ್ಷಕ್ಕೇ ಬುದ್ಧಿ ಬಂದಿತ್ತು ಮಗಳೇ. ವಾಷರ್ ತೆಗೆದುಕೊಟ್ಟರೆ ಮುಟ್ಟಿ ನೋಡಿಯೇ ಅಳತೆ ಹೇಳುತ್ತಿದ್ದೆ. ನಿನ್ನಿಂದ ಆ ಕೆಲಸ ಕಿತ್ತುಕೊಂಡವನು ನಾನು. ತಪ್ಪಾಯಿತು.

ಇನ್ನು ದೊಡ್ಡ ವಾಲ್ವು. ಇದನ್ನು ಮನಸ್ಸಿಟ್ಟು ಓದು. ಭಾನುವಾರ ಪಂಪು ಹಾಕಬೇಡ. ಎಲ್ಲರೂ ಬಕೆಟ್ಟು ತುಂಬಿಕೊಳ್ಳಲಿ, ಟ್ಯಾಂಕು ಖಾಲಿಯಾಗಲಿ. ಖಾಲಿಯಾದ ಮೇಲೆ ಎರಡೂ ಬದಿಯ ದಪ್ಪ ಬಳೆ ಬಿಚ್ಚಿದರೆ ವಾಲ್ವು ಇಡಿಯಾಗಿ ಕೈಗೆ ಬರುತ್ತದೆ. ಅದರ ಹಿಡಿಕೆಯನ್ನು ಮೇಲಕ್ಕೆ ಎಳೆದು ತೆಗೆ, ತಿರುವಿ ಹಾಕಿ ನೋಡು. ಕೆಳಗೆ ಎರಡು ಹಲ್ಲು ಇರುತ್ತವೆ. ಗುಂಡನ್ನು ಅಮುಕಿ ಹಿಡಿದ ಒಳಬಳೆಯಲ್ಲಿ ಎರಡು ಕಚ್ಚು ಇರುತ್ತವೆ. ಹಲ್ಲು ಕಚ್ಚಿಗೆ ಕೂರುತ್ತದೆ. ಹಿಡಿಕೆಯೇ ಅದರ ಬೀಗದ ಕೈ, ಎಷ್ಟೋ ಪ್ಲಂಬರುಗಳಿಗೆ ಇದು ಗೊತ್ತಿಲ್ಲ. ಒಳಬಳೆ ಬಿಚ್ಚಿ, ಗುಂಡು ತೆಗೆದು, ವಿನೆಗರಿನಲ್ಲಿ ಎರಡು ಗಂಟೆ ನೆನೆಹಾಕು. ಉಪ್ಪು ತಾನಾಗಿ ಬಿಡುತ್ತದೆ. ಚೂರಿಯಿಂದ ಕೆರೆಯಬೇಡ. ತೊಳೆದು, ರಬ್ಬರ್ ಬಳೆಗಳಿಗೆ ಗ್ರೀಸು ಸವರಿ, ವಾಪಸ್ಸು ಕೂರಿಸು. ಒಳಬಳೆಯನ್ನು ಪೂರ್ತಿ ಬಿಗಿ ಮಾಡಿ ಒಂದು ಕೂದಲಷ್ಟು ಸಡಿಲ ಬಿಡು. ಎಷ್ಟು ಸಡಿಲ ಎಂದು ಕಾಗದದಲ್ಲಿ ಬರೆಯಲಾಗುವುದಿಲ್ಲ. ನಿನ್ನ ಕೈ ಹೇಳುತ್ತದೆ.

ಸೀಳಿದ ವಾಲ್ವನ್ನು ಯಾರಿಗಾದರೂ ತೋರಿಸು. ಯಾರ ಕೆಲಸ ಅಂತ ಕೇಳಿದರೆ ನನ್ನದು ಎಂದು ಹೇಳು.

ನಿನ್ನ ಅಪ್ಪ


ಏಪ್ರಿಲ್ ೨

ಅಪ್ಪಾ,

ಪಾರ್ಸೆಲ್ ಬಂದ ದಿನ ನನಗೆ ಮೊದಲು ಬಂದದ್ದು ಸಿಟ್ಟು. ಅದನ್ನು ಮುಚ್ಚಿಡುವುದಿಲ್ಲ. ಹದಿನಾರು ವರ್ಷ ಅಪ್ಪಾ! ಕಾರ್ಖಾನೆಯಲ್ಲಿ ಸೂಜಿ ಮುರಿದಾಗಲೆಲ್ಲ, ಕೈಯಿಂದ ಲೋಟ ಜಾರಿದಾಗಲೆಲ್ಲ ನಿಮ್ಮ ಮಾತೇ ಕಿವಿಯಲ್ಲಿತ್ತು. ಸೀಳಿದ ವಾಲ್ವನ್ನು ಗೋಡೆಗೆ ಎಸೆಯಲು ಎತ್ತಿದೆ ಕೂಡ. ಆಮೇಲೆ ಆ ಜೇನು ಬಣ್ಣದ ಗೆರೆಯ ಮೇಲೆ ಬೆರಳಾಡಿಸಿದೆ. ಉಗುರಿಗೆ ಸಿಗುತ್ತದೆ, ನುಣುಪಾಗಿ, ಗಟ್ಟಿಯಾಗಿ. ಇದನ್ನು ಬಿಸಾಡಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ನೀವು ಬಿಸಾಡದೆ ಇಟ್ಟುಕೊಂಡಿರಿ. ಅಲ್ಲಿಗೆ ಅಳು ಬಂತು. ಅತ್ತು, ಮುಖ ತೊಳೆದುಕೊಂಡು, ನಿಮ್ಮ ಪತ್ರದ ಕೊನೆಯ ಭಾಗ ಮೂರು ಸಲ ಓದಿದೆ.

ಭಾನುವಾರ ಹನ್ನೆರಡೂ ಮನೆಯವರು ಬಕೆಟ್ಟು, ಪಾತ್ರೆ, ಕಡೆಗೆ ಹೂಜಿ ಕೂಡ ತುಂಬಿಸಿಕೊಂಡರು. ಟೀಚರ್ ಒಂದು ಪಟ್ಟಿ ಬರೆದು ಮೆಟ್ಟಿಲಿಗೆ ಅಂಟಿಸಿದರು, ಯಾರ ಮನೆಯ ನಲ್ಲಿ ಮೊದಲು, ಯಾರದು ಆಮೇಲೆ ಎಂದು. ಹನ್ನೊಂದಕ್ಕೆ ಟ್ಯಾಂಕು ಖಾಲಿ. ದಪ್ಪ ಬಳೆಗಳು ಕೈಗೇ ಬಿಚ್ಚಿಕೊಂಡವು. ಹಿಡಿಕೆ ಎಳೆದು ತಿರುವಿ ಹಾಕಿದೆ. ಅಪ್ಪಾ, ಎರಡು ಹಲ್ಲು! ಇಷ್ಟು ದಿನ ಅದನ್ನೇ ಹಿಡಿದು ತೂಗಿದ್ದೇನೆ, ಬೀಗದ ಕೈ ನನ್ನ ಮುಷ್ಟಿಯಲ್ಲೇ ಇತ್ತು. ಗುಂಡಿನ ಮೇಲೆ ಉಪ್ಪು ಮೊಟ್ಟೆಯ ಚಿಪ್ಪಿನಷ್ಟು ದಪ್ಪ ಕಟ್ಟಿತ್ತು. ವಿನೆಗರಿಗೆ ಹಾಕಿದೊಡನೆ ಸಣ್ಣಗೆ ನೊರೆ ಬಂತು. ಒಂದನೇ ಮಹಡಿಯ ಅಜ್ಜ ಕಷ್ಟಪಟ್ಟು ತಾರಸಿಯವರೆಗೆ ಹತ್ತಿ ಬಂದು ಆ ನೊರೆಯನ್ನೇ ನೋಡುತ್ತಾ ಕೂತರು.

ಒಳಬಳೆ ಬಿಗಿ ಮಾಡಿ ಸಡಿಲ ಬಿಡುವಾಗ ಕಣ್ಣು ಮುಚ್ಚಿಕೊಂಡೆ. ನಿಮ್ಮ ಮಾತು ನಿಜ, ಕೈ ಹೇಳಿತು.

ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಯಜಮಾನಿ ಬಂದರು, ಹಿಂದೆ ಪ್ಲಂಬರ್. ಟ್ಯಾಂಕು ಅಂಚಿನವರೆಗೆ ತುಂಬಿತ್ತು, ಅವರೇ ಹಾಗೆ ಹೇಳಿ ತುಂಬಿಸಿದ್ದು. ನಾನು ತಿರುಗಿಸಲು ಹೋದರೆ ಕೋಲಿನಿಂದ ತಡೆದರು. "ನೀನು ಅಭ್ಯಾಸ ಮಾಡಿದೀಯ. ನಾನು ತಿರುಗಿಸ್ತೀನಿ, ನನ್ನ ಕೈಗೆ ಬಂದ್ರೆ ಯಾರ ಕೈಗಾದ್ರೂ ಬರುತ್ತೆ." ಕೋಲನ್ನು ನನ್ನ ಕೈಗೆ ಕೊಟ್ಟು ಒಂದೊಂದೇ ಮಹಡಿ ಹತ್ತಿದರು. ಮಂಡಿನೋವು ಇರುವವರು, ಒಂದನ್ನೂ ಬಿಡಲಿಲ್ಲ. ಮುಚ್ಚುವುದು, ಒಳಗೆ ಮನೆಯವರು ನಲ್ಲಿ ತೆರೆದು ಇಲ್ಲ ಎಂದು ಕೂಗುವುದು, ತೆರೆಯುವುದು, ಬಂತು ಎಂದು ಕೂಗುವುದು. ಹತ್ತನೆಯ ಮನೆ ಬರುವಷ್ಟರಲ್ಲಿ ಮೆಟ್ಟಿಲ ತುಂಬ ಜನ. ಹನ್ನೆರಡಾದ ಮೇಲೆ ತಾರಸಿ.

ದೊಡ್ಡದರ ಮುಂದೆ ಅವರು ಉಸಿರು ಸುಧಾರಿಸಿಕೊಂಡು ಎರಡು ಬೆರಳು ಇಟ್ಟರು. ಅಪ್ಪಾ, ಎರಡೇ ಬೆರಳು. ಅದು ಸದ್ದಿಲ್ಲದೆ ತಿರುಗಿತು. ಕೆಳಗಿನಿಂದ ಹನ್ನೆರಡು ಮನೆಯ ನಲ್ಲಿಗಳ ಸದ್ದು ಒಂದೊಂದಾಗಿ ನಿಂತುಹೋಯಿತು, ಇಡೀ ಕಟ್ಟಡ ಗಪ್‌ಚುಪ್. ಆಮೇಲೆ ತೆರೆದರು. ಮೂರು ಮಹಡಿಯಿಂದಲೂ "ಬಂತು" ಎಂಬ ಕೂಗು ಒಟ್ಟಿಗೇ ಮೇಲೆ ಬಂತು. ತಾರಸಿಗೇ ಕುರ್ಚಿ ತರಿಸಿಕೊಂಡಿದ್ದ ಅಜ್ಜ ಕೂತೇ ಚಪ್ಪಾಳೆ ಹೊಡೆದರು.

ಯಜಮಾನಿ ಕೋಲು ವಾಪಸ್ಸು ಇಸಿದುಕೊಂಡು ಇಷ್ಟೇ ಹೇಳಿದರು: "ರೂಮಿಗೆ ಬೇಕಾದ ಬಣ್ಣ ಯಾವುದು ಹೇಳು, ಹೊಡೆಸ್ತೀನಿ."

ಪ್ಲಂಬರ್ ಹೋಗಲಿಲ್ಲ, ಹಿಂದೆ ಉಳಿದ. ಹಿಡಿಕೆ ತಿರುವಿ ಹಾಕುವುದನ್ನು ಇನ್ನೊಂದು ಸಲ ತೋರಿಸುತ್ತೀರಾ ಎಂದು ಕೇಳಿದ. ತೋರಿಸಿದೆ. ಸೀಳಿದ ವಾಲ್ವನ್ನೂ ತೋರಿಸಿದೆ. ಇಷ್ಟು ಸೊಲ್ಯೂಷನ್ ಮೆತ್ತಿದ ಪುಣ್ಯಾತ್ಮ ಯಾರು ಅಂದ. ನಮ್ಮಪ್ಪ ಅಂದೆ. ಅವನ ನಗು ಅಲ್ಲೇ ನಿಂತಿತು. ಹಿಡಿಕೆಯ ಹಲ್ಲು ಹೇಳಿಕೊಟ್ಟವರೂ ಅವರೇ, ತಪ್ಪು ಮಾಡಿ ಅದನ್ನು ಕೈಯಾರೆ ಕಳಿಸಿಕೊಟ್ಟವರೂ ಅವರೇ ಅಂದೆ. ಈಗ ಅದು ನನ್ನ ರೂಮಿನ ಕಿಟಕಿಯ ಮೇಲಿದೆ.

"ಮುಟ್ಟಬೇಡಿ" ಎಂದಿದ್ದ ಕಡೆ ಬಣ್ಣ ಬಳಿದು ನಾನು ಬರೆದಿದ್ದೇನೆ: ತಿಂಗಳ ಮೊದಲನೇ ದಿನ ತಿರುಗಿಸಿ. ಹನ್ನೆರಡು ಗೂಡುಗಳಲ್ಲೂ ಬರೆದೆ.

ಸಿಟ್ಟು ಪೂರ್ತಿ ಹೋಗಿಲ್ಲ ಅಪ್ಪಾ. ಇರುವೆಯ ತಲೆಯಷ್ಟು ಅಲುಗಿದೆ. ಅದು ಗೆದ್ದ ಲೆಕ್ಕ ಎಂದು ನೀವೇ ಬರೆದಿದ್ದೀರಿ.

ನಿಮ್ಮ ಮಗಳು,
ಬಿರುಗಾಳಿ


ಏಪ್ರಿಲ್ ೧೪

ಮಗಳಿಗೆ,

ನಿನ್ನ ಪತ್ರವನ್ನು ಅಂಗಡಿಯಲ್ಲಿ ಎಲ್ಲರ ಮುಂದೆ ಓದಿದೆ. ಎಲ್ಲವನ್ನೂ ಓದಿದೆ, ಸೊಲ್ಯೂಷನ್ನಿನ ಭಾಗವನ್ನೂ ಬಿಡಲಿಲ್ಲ. ಆವತ್ತು ನೀರು ನೋಡಲು ಬಂದಿದ್ದವರಲ್ಲಿ ಮೂರು ಜನ ಅಲ್ಲಿದ್ದರು. ಆಮೇಲೆ ಕೆಳಮನೆಯವರ ಬಾಗಿಲು ತಟ್ಟಿ ಅವರಿಗೂ ಹೇಳಿ ಬಂದೆ.

ಹದಿನೈದು ದಿನದಿಂದ ಬೆಳಿಗ್ಗೆ ಹೊತ್ತು ಬೇರೆ ಕೆಲಸ ಹಿಡಿದಿದ್ದೇನೆ. ನಾನು ವಾಲ್ವು ಹಾಕಿದ ಮನೆಗಳಿಗೆ ಹೋಗಿ ಗಂಟು ಬಿಚ್ಚುತ್ತಿದ್ದೇನೆ. ಇವತ್ತಿಗೆ ಮೂವತ್ತೊಂದು ಬಿಚ್ಚಿದೆ. ಮೇಸ್ತ್ರಿಗೆ ವಯಸ್ಸಾಯಿತು, ತಾನೇ ಕಟ್ಟಿದ್ದನ್ನು ತಾನೇ ಬಿಚ್ಚುತ್ತಿದ್ದಾನೆ ಎಂದು ಜನ ನಗುತ್ತಾರೆ, ನಗಲಿ. ಹದಿನೇಳು ಬಿಗಿದಿವೆ. ನನ್ನ ಮಣಿಕಟ್ಟಿಗೆ ಮೊದಲಿನ ಕಸುವಿಲ್ಲ. ನಮ್ಮ ಮನೆಯದನ್ನು ನಿನ್ನೆ ನೋಡಿದೆ, ಅದೂ ಬಿಗಿದಿದೆ. ಗಂಟು ಬಿಚ್ಚಿಟ್ಟಿದ್ದೇನೆ, ವಾಲ್ವು ಮುಟ್ಟಿಲ್ಲ. ನಿನಗೆ ರಜೆ ಸಿಕ್ಕಾಗ ಬಂದು ಅದೊಂದನ್ನು ತಿರುಗಿಸಿಕೊಟ್ಟು ಹೋಗು. ನಿನ್ನ ಹಳೇ ಪಾನಾ ಒರೆಸಿ ಇಟ್ಟಿದ್ದೇನೆ.

ನಿನ್ನ ಅಪ್ಪ

ಮಗಳೇ, ನಮ್ಮ ಮನೆಯ ವಾಲ್ವು ಬಿಗಿದಿಲ್ಲ. ನಾನು ಇವತ್ತು ಬೆಳಿಗ್ಗೆ ಪಾತ್ರೆ ತೊಳೆಯುವ ಕೈಯಲ್ಲೇ ಎರಡು ಸಲ ತಿರುಗಿಸಿ ನೋಡಿದೆ, ಬೆಣ್ಣೆಯಂತಿದೆ, ಹಿಡಿಕೆಯ ಬುಡದಲ್ಲಿ ಯಾರೋ ಹೊಸದಾಗಿ ಸವರಿದ ಗ್ರೀಸು ಬೇರೆ. ಇದನ್ನು ನಿಮ್ಮಪ್ಪನಿಗೆ ಹೇಳಿಲ್ಲ, ನೀನೂ ಹೇಳಬೇಡ. ಶನಿವಾರದ ಬಸ್ಸಿಗೆ ಬಾ. ಬಂದು ಒಂದರ್ಧ ಗಂಟೆ ಕಷ್ಟಪಟ್ಟವಳ ಹಾಗೆ ಮಾಡಿ ತಿರುಗಿಸು, ಅವರು ಪಕ್ಕದಲ್ಲಿ ಬಿಸಿಬಟ್ಟೆ ಹಿಡಿದು ನಿಂತುಕೊಳ್ಳಲಿ. — ಅಮ್ಮ